ಗೇರ್ ಗಟ್ಟಿಯಾಗಿದೆ ಅಂತ ಬೈಕಿಗೆ ಕಾರಿನ ಆಯಿಲ್ ಹಾಕಿಸಬೇಡಿ

ಒಂದರಿಂದ ಎರಡಕ್ಕೆ ಹಾಕುವಾಗ ಗೇರ್ 'ಟಕ್' ಅಂತ ಬಡಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗುವುದೇ ಇಲ್ಲ. ಸ್ಪೋರ್ಟ್ಸ್ ಬೈಕಿನವರು ಹೀಗೆ ಹೇಳಿಕೊಂಡ ಕೂಡಲೇ ಸಿಗುವ ಸಲಹೆ ಒಂದೇ: 'ದುಬಾರಿ ಆಯಿಲ್ ಹಾಕಿಸಿ ನೋಡಿ.' ಈ ಸಲಹೆ ನಂಬಿ ಹೋದ ಎಷ್ಟೋ ಬೈಕುಗಳಿಗೆ ಕಾರಿನ ಸಿಂಥೆಟಿಕ್ 5ಡಬ್ಲ್ಯೂ-30 ಎಂಬ ತೆಳು ಗ್ರೇಡಿನ ಆಯಿಲ್ ಬಿದ್ದಿದೆ. ಶುರುವಿನಲ್ಲಿ ಗೇರ್ ನಯವಾಗಿ ಬೀಳುವುದೂ ಉಂಟು, ಮೋಸ ಹೋಗುವುದು ಅಲ್ಲೇ. ಆಮೇಲೆ ಯಾವತ್ತೋ ಓವರ್‌ಟೇಕ್ ಮಾಡಲು ಥ್ರಾಟಲ್ ತಿರುವಿದಾಗ ಎಂಜಿನ್ ಕಿರುಚುತ್ತದೆ, ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ಬೈಕ್ ಮಾತ್ರ ಎಳೆಯುವುದಿಲ್ಲ. ಎದುರಿನಿಂದ ಲಾರಿ ಬರುತ್ತಿರುವಾಗ ಹೀಗಾದರೆ ಪ್ರಾಣಕ್ಕೇ ಕುತ್ತು.

ಕಾರಣ ಇಷ್ಟೇ. ಕಾರಿನ ಎಂಜಿನ್ ಆಯಿಲ್ ಎಂಜಿನ್ನನ್ನು ಮಾತ್ರ ನೋಡಿಕೊಂಡರೆ ಸಾಕು. ಹೆಚ್ಚಿನ ಸ್ಪೋರ್ಟ್ಸ್ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಪ್ಲೇಟ್‌ಗಳು ಅದರಲ್ಲೇ ನೆನೆದಿರುತ್ತವೆ. ಮೈಲೇಜ್ ಹೆಚ್ಚಿಸಲೆಂದು ಕಾರಿನ ತೆಳು ಆಯಿಲ್‌ಗಳಿಗೆ ಮಾಲಿಬ್ಡಿನಂ ಸಂಯುಕ್ತಗಳಂಥ, ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸುತ್ತಾರೆ. ಅದು ಪ್ಲೇಟ್‌ಗಳಿಗೆ ಅಂಟಿಕೊಂಡರೆ ಹಿಡಿತ ಹೋಯಿತು. ಹಾಗಾಗಿ ಕ್ಯಾನಿನ ಹಿಂಭಾಗ ನೋಡಿ: ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದುಂಡು ಮುದ್ರೆಯ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' ಅಥವಾ 'ಎನರ್ಜಿ ಕನ್ಸರ್ವಿಂಗ್' ಅಂತಿದ್ದರೆ ಅದನ್ನು ಮುಟ್ಟಬೇಡಿ.

ಇದಕ್ಕೆಂದೇ ಜಪಾನಿನವರು 1998ರಲ್ಲಿ ಜಾಸೊ (ಜಪಾನಿನ ವಾಹನ ಮಾನದಂಡ ಸಂಸ್ಥೆ) ಟಿ903 ಮಾನದಂಡ ತಂದರು. ಕ್ಯಾನಿನ ಮೇಲೆ ಅದರ ಗುರುತು ಎಂಎ ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಸರಿ, ಎಂಎ2 ಅಂದರೆ ಹಿಡಿತ ಇನ್ನೂ ಗಟ್ಟಿ. ಎಂಬಿ ಎಂಬುದು ಕ್ಲಚ್ ಆಯಿಲ್‌ನಿಂದ ಹೊರಗಿರುವ ಗೇರ್‌ಲೆಸ್ ಸ್ಕೂಟರ್‌ಗಳಿಗೆ. ಎಂಬಿ ಆಯಿಲ್ ಕೂಡ ದ್ವಿಚಕ್ರ ವಾಹನದ ಆಯಿಲ್ ಅಂತಲೇ ಮಾರಾಟವಾಗುತ್ತದೆ, ಅದರ ಮೇಲೂ '4ಟಿ' ಇರುತ್ತದೆ. 4ಟಿ ಅಂದರೆ ಫೋರ್ ಸ್ಟ್ರೋಕ್ ಅಷ್ಟೇ, ಕ್ಲಚ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಪಿಐ ಗುಣಮಟ್ಟದ ದರ್ಜೆಗಳಲ್ಲಿ ಎಸ್‌ಜೆ ದಾಟಿ ಎಸ್‌ಎನ್, ಎಸ್‌ಪಿ ಬಂದಿದೆ, ಹೊಸದೇ ಮೇಲು ಅನ್ನುವ ಲೆಕ್ಕವೂ ಇಲ್ಲಿ ನಡೆಯದು. ಜಾಸೊ ಗುರುತಿಲ್ಲದಿದ್ದರೆ ಆ ಅಕ್ಷರಗಳನ್ನು ನಂಬಿ ಬೈಕಿಗೆ ಹಾಕುವಂತಿಲ್ಲ.

ಆಯಿಲ್‌ನಿಂದ ಗೇರ್ ಗಟ್ಟಿಯಾಗುವುದು ನಿಜವೇ. 10ಡಬ್ಲ್ಯೂ-40 ಗ್ರೇಡಿನ ಆಯಿಲ್‌ನಲ್ಲಿ ಬಿಸಿಗೂ ಮಂದತೆ ಉಳಿಸುವ ಪಾಲಿಮರ್‌ಗಳಿರುತ್ತವೆ, ಗೇರ್ ಹಲ್ಲುಗಳ ನಡುವೆ ಸಿಕ್ಕಿ ಅವು ತುಂಡಾಗುತ್ತವೆ, ಆಯಿಲ್ ತೆಳುವಾಗುತ್ತದೆ. ಸರ್ವಿಸ್ ಆದಾಗ ಚೆನ್ನಾಗಿದ್ದು ಬರಬರುತ್ತಾ ಗೇರ್ ಒರಟಾದರೆ ಆಯಿಲ್‌ನ ಕಸುವು ಮುಗಿದಿದೆ ಅಂತ ತಿಳಿಯಿರಿ. ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಹೊಸ ಎಂಎ2 ಸಾಕು. ಇನ್ನೂ ಮಂದವಾದ 20ಡಬ್ಲ್ಯೂ-50 ಹಾಕಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ತಣ್ಣಗಿರುವಾಗ ಮಂದ ಆಯಿಲ್ ಪ್ಲೇಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ, ಒಂದನೇ ಗೇರಿನ ಬಡಿತ ಇನ್ನೂ ಜೋರಾಗುತ್ತದೆ.

ಆದರೆ ಆಯಿಲ್ ಬದಲಿಸುವ ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆ ಮಾಡಿ. ಹಿಂದಿನ ಚಕ್ರವನ್ನು ಪ್ಯಾಡಕ್ ಸ್ಟ್ಯಾಂಡಿನ ಮೇಲೆ ಎತ್ತಿ, ಎಂಜಿನ್ ಆಫ್ ಇರಲಿ, ಚಕ್ರವನ್ನು ಒಂದು ಕೈಯಲ್ಲಿ ನಿಧಾನ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಗೇರ್ ಲಿವರ್ ಎತ್ತುತ್ತಾ ಹೋಗಿ. ಬೆರಳು ಕಡ್ಡಿಗಳಿಗೂ ಚೈನಿಗೂ ಸಿಗದಂತೆ ಟೈರನ್ನೇ ಹಿಡಿಯಿರಿ. ಎಲ್ಲ ಗೇರೂ ಸಲೀಸಾಗಿ ಬಿದ್ದರೆ ಗೇರ್‌ಬಾಕ್ಸ್ ಬಹುಮಟ್ಟಿಗೆ ಚೆನ್ನಾಗಿದೆ, ಕ್ಲಚ್ ಪೂರ್ತಿ ಬಿಡದೆ ಇರುವ ಸಾಧ್ಯತೆ ಹೆಚ್ಚು. ಕೇಬಲ್ ಕ್ಲಚ್ ಆದರೆ ಕ್ಲಚ್ ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಪ್ಲೇ (ಸಡಿಲು) ಇರಬೇಕು, ಹೆಚ್ಚಿದ್ದರೆ ಅಡ್ಜಸ್ಟ್ ಮಾಡಿ. ಆಫ್ ಇದ್ದಾಗಲೂ ಗೇರ್ ಸಿಕ್ಕಿಹಾಕಿಕೊಂಡರೆ ಗೇರ್ ಲಿವರಿನ ಲಿಂಕೇಜ್ ಬಿಚ್ಚಿ, ಮಣ್ಣು ತೆಗೆದು ಗ್ರೀಸ್ ಹಚ್ಚಿ. ಆಗಲೂ ಸರಿಯಾಗದಿದ್ದರೆ ಗೇರ್‌ಬಾಕ್ಸ್ ಒಳಗೆ ಗೇರ್ ಬದಲಿಸುವ ಶಿಫ್ಟ್ ಫೋರ್ಕ್ ಇಲ್ಲವೇ ಡ್ರಮ್ ಕೆಟ್ಟಿರಬಹುದು, ಅದನ್ನು ಯಾವ ಆಯಿಲ್ಲೂ ಸರಿ ಮಾಡದು. ಚೈನ್ ಜೋತು ಬಿದ್ದಿದ್ದರೂ ಗೇರ್ ಬಡಿಯುತ್ತದೆ. ಸ್ವಿಂಗ್ ಆರ್ಮಿನ ಸ್ಟಿಕ್ಕರ್‌ನಲ್ಲಿ ಅಳತೆ ಇರುತ್ತದೆ, ಚೈನ್ ಅತಿ ಬಿಗಿಯಿರುವ ಜಾಗದಲ್ಲಿ ಅಳೆಯಿರಿ. ಆಯಿಲ್ ಮಟ್ಟವನ್ನು ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, 2-3 ನಿಮಿಷ ಬಿಟ್ಟು, ಬೈಕ್ ನೆಟ್ಟಗೆ ನಿಲ್ಲಿಸಿ ನೋಡಿ. ಮೇಲಿನ ಗೆರೆ ದಾಟಿದ್ದರೆ ಅದೂ ತೊಂದರೆಯೇ.

ಈಗಾಗಲೇ ಕಾರಿನ ಆಯಿಲ್ ಬಿದ್ದಿದ್ದರೆ ಓಡಿಸುವುದನ್ನು ನಿಲ್ಲಿಸಿ. ಎಂಜಿನ್ ಬಿಸಿಯಿರುವಾಗ ಡ್ರೈನ್ ಮಾಡಿ, ಫಿಲ್ಟರ್ ಬದಲಿಸಿ, ಎಂಎ2 ತುಂಬಿ. ಒಂದೇ ಸಲಕ್ಕೆ ಹಳೆಯದು ಪೂರ್ತಿ ಹೋಗುವುದಿಲ್ಲ. ಎಷ್ಟೋ ಮ್ಯಾನ್ಯುಯಲ್‌ಗಳಲ್ಲಿ ಆಯಿಲ್ ಪ್ರಮಾಣಕ್ಕೆ ಮೂರು ಅಂಕಿ ಕೊಟ್ಟಿರುತ್ತಾರೆ: ಫಿಲ್ಟರ್ ಬಿಟ್ಟು, ಫಿಲ್ಟರ್ ಸೇರಿ, ಎಂಜಿನ್ ಪೂರ್ತಿ ಬಿಚ್ಚಿದಾಗ. ಕೊನೆಯ ಎರಡರ ವ್ಯತ್ಯಾಸವೇ ಒಳಗೆ ಉಳಿದ ಹಳೇ ಆಯಿಲ್. ಅದಕ್ಕೇ 200-300 ಕಿ.ಮೀ. ಮೆಲ್ಲಗೆ ಓಡಿಸಿ, ಇನ್ನೊಂದು ಸಲ ಫಿಲ್ಟರ್ ಸಮೇತ ಬದಲಿಸಿ. ಬಳಿಕ ಖಾಲಿ ರಸ್ತೆಯಲ್ಲಿ, ಮಿತಿಯೊಳಗಿನ ವೇಗದಲ್ಲಿ, ಮೇಲಿನ ಗೇರಿನಲ್ಲಿ ಥ್ರಾಟಲ್ ತೆರೆಯಿರಿ. ವೇಗ ಏರದೆ ಮುಳ್ಳು ಮಾತ್ರ ಏರಿದರೆ ಕ್ಲಚ್ ಇನ್ನೂ ಜಾರುತ್ತಿದೆ. ಕೇಬಲ್ ಪ್ಲೇ ಸರಿಯಿದ್ದೂ ಜಾರಿದರೆ ಕ್ಲಚ್ ಬಿಚ್ಚಿಸಿ. ಫ್ರಿಕ್ಷನ್ ಪ್ಲೇಟ್ ಗಾಜಿನಂತೆ ಮಿನುಗುತ್ತಿದ್ದರೆ ಪೂರ್ತಿ ಸೆಟ್ ಬದಲಿಸಿ, ಸ್ಟೀಲ್ ಪ್ಲೇಟ್ ನೀಲಿಗಟ್ಟಿದ್ದರೆ ಅದನ್ನೂ. ಸ್ಪ್ರಿಂಗ್ ಉದ್ದ ಅಳೆಸಲು ಮರೆಯಬೇಡಿ. ಹೊಸ ಪ್ಲೇಟ್‌ಗಳನ್ನು ಜೋಡಿಸುವ ಮುನ್ನ ಅದೇ ಎಂಎ2 ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಲಿ. ಒಣ ಪ್ಲೇಟ್ ಹಾಕಿದರೆ ಮೊದಲ ಓಟದಲ್ಲೇ ಸುಟ್ಟುಹೋಗಬಹುದು.