ಟೂಲೂಸ್ ಸುತ್ತಲಿನ ಮೂರು ಸಂತೆಯೂರುಗಳು: ಮಧ್ಯಾಹ್ನ ಒಂದು ಗಂಟೆಯ ನಂತರದ ಲೆಕ್ಕ

ಫ್ರಾನ್ಸಿನ ಹಳ್ಳಿಗಾಡಿನ ಸಂತೆಯನ್ನು ಹೊಗಳದವರಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ನೆರೆದ ಸಂತೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಕರಗಿಬಿಡುತ್ತದೆ, ಅದರ ಬೆನ್ನಿಗೇ ಅಂಗಡಿಗಳೂ ಬಾಗಿಲು ಹಾಕುತ್ತವೆ, ಎರಡು ಗಂಟೆ ದಾಟಿದರೆ ಊಟದ ಮನೆಗಳಲ್ಲಿ ಅಡುಗೆ ನಿಂತಿರುತ್ತದೆ ಎಂಬುದನ್ನು ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೊರಟವರು ಮೊದಲೇ ತಿಳಿದಿರಬೇಕು. ಬೆಂಗಳೂರಿನಿಂದ ವಿಮಾನ ತಯಾರಿಕೆಯ ಕೆಲಸಕ್ಕೆಂದು ದಕ್ಷಿಣ ಫ್ರಾನ್ಸಿನ ಟೂಲೂಸಿಗೆ ಬಂದು ನೆಲೆಸಿರುವ ನಾವು, ಶಿವಮೊಗ್ಗದಿಂದ ಅತ್ತೆ-ಮಾವ ಬಂದಾಗಲೆಲ್ಲ ಇಲ್ಲಿನ ಒಂದಲ್ಲ ಒಂದು ಸಂತೆಗೆ ಹೋಗಿದ್ದೇವೆ. ಶನಿವಾರದ ರೆವೆಲ್, ಭಾನುವಾರದ ಸೇಂ-ಆಂತೊನಾಂ-ನೊಬ್ಲ್-ವಾಲ್ ಮತ್ತು ಸೋಮವಾರದ ಮಿರ್‌ಪ್ವಾ, ಈ ಮೂರನ್ನು ಇಡೀ ದಿನದ ದೃಷ್ಟಿಯಿಂದ ಇಲ್ಲಿ ಹೋಲಿಸಿದ್ದೇನೆ. ತರಕಾರಿ, ಹಣ್ಣು, ಚೀಸ್‌ಗಳ ಗುಣದಲ್ಲಿ ಮೂರೂ ಒಳ್ಳೆಯವೇ. ವ್ಯತ್ಯಾಸವೆಲ್ಲ ಚೀಲ ತುಂಬಿದ ಮೇಲೆ ಶುರುವಾಗುತ್ತದೆ.

ರೆವೆಲ್ ಟೂಲೂಸಿನ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. 1342ರಲ್ಲಿ ಆರನೆಯ ಫಿಲಿಪ್ ದೊರೆ ನೇರ ಬೀದಿಗಳನ್ನು ಹಾಕಿಸಿ ಕಟ್ಟಿಸಿದ ಊರು ಇದಾದ್ದರಿಂದ, ಯಾವ ಬೀದಿಯಲ್ಲಿ ನಡೆದರೂ ಕೊನೆಗೆ ನಡುವಿನ ಚೌಕಕ್ಕೇ ಬಂದು ಸೇರುತ್ತೇವೆ. ಕೈ ಬಿಡಿಸಿಕೊಂಡು ಓಡುವ ಮಕ್ಕಳಿರುವ ಮನೆಯವರಿಗೆ ಇದು ಸಣ್ಣ ಅನುಕೂಲವಲ್ಲ. ಚೌಕದ ಮಧ್ಯದಲ್ಲಿ ಹದಿನಾಲ್ಕನೆಯ ಶತಮಾನದ ಸಂತೆ ಮಂಟಪವಿದೆ. ದಪ್ಪ ಮರದ ಕಂಬಗಳು, ಅವುಗಳ ಮೇಲೆ ಅಡ್ಡಡ್ಡವಾಗಿ ಹೆಣೆದ ತೊಲೆಗಳು, ನಟ್ಟನಡುವೆ ಒಂದು ಗಡಿಯಾರ ಗೋಪುರ. ಸುತ್ತಮುತ್ತಲಿನ ರೈತರು ತಮ್ಮ ಸ್ವಂತ ಬೆಳೆಯನ್ನು ಈ ಸೂರಿನಡಿ ಇಟ್ಟುಕೊಂಡು ಮಾರುತ್ತಾರೆ. ಬಟ್ಟೆ, ಬುಟ್ಟಿ, ಸಾಬೂನಿನ ಅಂಗಡಿಗಳು ಹೊರಗಿನ ಬೀದಿಗಳಲ್ಲಿ ಹರಡಿಕೊಂಡಿರುತ್ತವೆ. ಸಮೀಪದ ಲೊತ್ರೆಕ್ ಊರಿನ ಗುಲಾಬಿ ಬಣ್ಣದ ಬೆಳ್ಳುಳ್ಳಿಯನ್ನು ದಂಟುಸಮೇತ ಗೊಂಚಲು ಕಟ್ಟಿ ಇಲ್ಲಿ ತೂಗುಹಾಕಿರುತ್ತಾರೆ. ಒಗ್ಗರಣೆಗೆ ಹಾಕಿದರೆ ಘಾಟು ಕಡಿಮೆ, ಆದರೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಆಗಸ್ಟ್ ಕೊನೆಯಿಂದ ಸಿಪ್ಪೆಯೊಳಗಿನ ಹಸಿ ಬೀನ್ಸ್ ಕಾಳು ರಾಶಿ ರಾಶಿಯಾಗಿ ಬರುತ್ತದೆ. ನಮ್ಮತ್ತೆ ಅದನ್ನು ನೋಡಿದ ತಕ್ಷಣ ಅವರೆಕಾಯಿ ಕಾಲ ಬಂದಷ್ಟೇ ಸಂಭ್ರಮದಿಂದ ಎರಡು ಕಿಲೋ ತೂಗಿಸಿದರು.

ಇಲ್ಲಿ ಚೌಕಾಸಿ ನಡೆಯುವುದಿಲ್ಲ. ಬೆಲೆಯನ್ನು ಸ್ಲೇಟಿನ ಮೇಲೆ ಬರೆದಿರುತ್ತಾರೆ, ಅದೇ ಕೊನೆಯ ಮಾತು. ಆದರೆ ಬಾಯಿತುಂಬ ‘ಬೊಂಝೂರ್’ (ನಮಸ್ಕಾರ) ಎನ್ನದೆ ನೇರವಾಗಿ ಬೆಲೆ ಕೇಳಿದರೆ ಮಾರುವವರ ಮುಖ ಬಿಗಿಯುತ್ತದೆ, ಹಣ್ಣನ್ನು ಒತ್ತಿ ನೋಡಿದರಂತೂ ಇನ್ನಷ್ಟು ಬಿಗಿಯುತ್ತದೆ. ಕರಬೂಜ ಬೇಕೆಂದರೆ, ಇವತ್ತು ತಿನ್ನುತ್ತೀರೋ ನಾಳೆಯೋ ಎಂದು ಕೇಳಿ, ಒಂದೊಂದನ್ನೇ ಎತ್ತಿ ತೊಟ್ಟಿನ ಬಳಿಯ ಬಿರುಕನ್ನು ನೋಡಿ, ಮೂಸಿ, ಅವರೇ ಆರಿಸಿ ಕೊಡುತ್ತಾರೆ. ಮಾವನವರು ಮೊದಲು ಅನುಮಾನಪಟ್ಟರೂ ಮನೆಯಲ್ಲಿ ಕೊಯ್ದು ರುಚಿ ನೋಡಿದ ಮೇಲೆ ಸುಮ್ಮನಾದರು.

ರೆವೆಲ್‌ನ ನಿಜವಾದ ಬಲ ಇರುವುದು ಊರಿನಿಂದ ಮೂರು ಕಿಲೋಮೀಟರ್ ಆಚೆ, ಸೇಂ-ಫೆರಿಯೊಲ್ ಕೆರೆಯಲ್ಲಿ. ಅಟ್ಲಾಂಟಿಕ್ ಕಡೆಯನ್ನೂ ಮೆಡಿಟರೇನಿಯನ್ ಸಮುದ್ರವನ್ನೂ ಜೋಡಿಸಲು ‘ಕನಾಲ್ ದ್ಯು ಮಿದಿ’ ಕಾಲುವೆಯನ್ನು ತೋಡಿಸಿದ ಪಿಯೆರ್-ಪೋಲ್ ರಿಕೆ, ಕಾಲುವೆಯ ಎತ್ತರದ ನೆಲೆಗೆ ವರ್ಷವಿಡೀ ನೀರು ಒದಗಿಸುವುದಕ್ಕೆಂದೇ ಕಪ್ಪು ಬೆಟ್ಟಗಳ ತೊರೆಗಳನ್ನು ಇಲ್ಲಿಗೆ ತಿರುಗಿಸಿ, 1667ರಿಂದ 1672ರವರೆಗೆ ಈ ಕಟ್ಟೆಯನ್ನು ಕಟ್ಟಿಸಿದ. 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಾಲುವೆಯ ನೀರಿನ ಮೂಲ ಇದು ಎಂದು ತಿಳಿದಾಗ, ನಿವೃತ್ತ ನೀರಾವರಿ ಎಂಜಿನಿಯರರಾದ ಮಾವನವರು ಕಟ್ಟೆಯ ಮೇಲೆ ನಿಧಾನವಾಗಿ ಆ ತುದಿಯವರೆಗೂ ನಡೆದು ತೂಬು ಎಲ್ಲಿದೆ ಎಂದು ಹುಡುಕಿದರು. ಮಕ್ಕಳಿಗೆ ಬೇಸಿಗೆಯಲ್ಲಿ ಈಜುವ ಮರಳದಂಡೆ, ಕಟ್ಟೆಯ ಕೆಳಗಿನ ತೋಪಿನಲ್ಲಿ ಎತ್ತರಕ್ಕೆ ಚಿಮ್ಮುವ ಕಾರಂಜಿ. ದೊಡ್ಡವರಿಗೆ ನೆರಳು ಮತ್ತು ಕೂರಲು ಜಾಗ. ಬೇರೆ ಎರಡು ಊರುಗಳಿಗೆ ಈ ಸೌಲಭ್ಯ ಇಷ್ಟು ಹತ್ತಿರದಲ್ಲಿಲ್ಲ.

ಸಂತೆಯೇ ಮುಖ್ಯ ಎನ್ನುವವರಿಗೆ ನಾನು ರೆವೆಲ್ ಹೇಳುವುದಿಲ್ಲ, ಸೇಂ-ಆಂತೊನಾಂ ಎನ್ನುತ್ತೇನೆ. ಆವೆರೋನ್ ನದಿಯ ದಂಡೆಯ ಮೇಲಿರುವ ಈ ಊರಿನ ಎದುರಿಗೆ ಸುಣ್ಣಕಲ್ಲಿನ ಬಂಡೆ ಗೋಡೆಯಂತೆ ಎದ್ದು ನಿಂತಿದೆ. ಸಂತೆ ಒಂದು ಚೌಕದಲ್ಲಿ ನಿಲ್ಲದೆ ಮಧ್ಯಯುಗದ ಇಕ್ಕಟ್ಟಾದ ಓಣಿಗಳಿಗೆಲ್ಲ ಹರಿದಿರುತ್ತದೆ. ಸಾವಯವ ಬೆಳೆಗಾರರು, ಕಟ್ಟಿಗೆ ಒಲೆಯಲ್ಲಿ ಬೇಯಿಸಿದ ರೊಟ್ಟಿಯವರು, ಜೇನು ಮಾರುವವರು ಇಲ್ಲಿ ಹೆಚ್ಚು. ಸೆಪ್ಟೆಂಬರಿನಲ್ಲಿ ಮ್ವಾಸಾಕ್ ಕಡೆಯ ಶಾಸ್ಲಾ ದ್ರಾಕ್ಷಿ ಬರುತ್ತದೆ, ಹೊನ್ನಿನ ಬಣ್ಣದ ತೆಳು ಸಿಪ್ಪೆಯದು. ಹನ್ನೆರಡನೆಯ ಶತಮಾನದ ಹಳೆಯ ಪುರಭವನದ ಕಂಬದಲ್ಲಿ ಆಡಮ್ ಮತ್ತು ಈವ್ ಕೆತ್ತನೆಯಿದ್ದು, ಅದರ ಎದುರಿನಲ್ಲೇ ಸೊಪ್ಪು ಕೊಳ್ಳುವ ಸುಖ ಬೇರೆ. ಆದರೆ ನೆಲಕ್ಕೆ ಹಾಸಿದ ಕಲ್ಲುಗಳ ಮೇಲೆ ಕೂಸಿನ ಗಾಡಿ ತಳ್ಳುವುದು ಕಷ್ಟ, ಬೇಸಿಗೆಯ ಭಾನುವಾರ ಹತ್ತು ಗಂಟೆಯ ಮೇಲೆ ಕಾರು ನಿಲ್ಲಿಸಲು ಜಾಗ ಸಿಗುವುದು ಇನ್ನೂ ಕಷ್ಟ. ಮಧ್ಯಾಹ್ನಕ್ಕೆ ನದಿಯಲ್ಲಿ ದೋಣಿ ಹುಟ್ಟು ಹಾಕುವ ಆಟವಿದೆ, ಅದು ಈಜು ಬರುವ ಮಕ್ಕಳಿಗೆ ಮಾತ್ರ. ಮೊಣಕಾಲು ನೋವಿನ ಅತ್ತೆಯವರಿಗೆ ಸೇತುವೆಯ ಬಳಿ ಕೂತು ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ, ಒಂದು ಗಂಟೆಯೊಳಗೆ ಅವರಿಗೆ ಸಾಕೆನಿಸಿತು.

ಮಿರ್‌ಪ್ವಾ ಮಳೆಯ ದಿನದ ಊರು. 1289ರ ಪ್ರವಾಹದಲ್ಲಿ ಹಳೆಯ ಊರು ಕೊಚ್ಚಿಹೋದ ಮೇಲೆ ಎರ್ಸ್ ನದಿಯ ಇನ್ನೊಂದು ದಡದಲ್ಲಿ ಹೊಸದಾಗಿ ಕಟ್ಟಿದ್ದು ಇದು. ಚೌಕದ ಸುತ್ತಲೂ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿ ಮರದ ಕಂಬಗಳ ಮೇಲೆ ನಿಂತಿರುವುದರಿಂದ ಕೆಳಗೆ ಅಗಲವಾದ ಜಗಲಿ ಉಂಟಾಗಿದೆ. ಮಳೆ ಸುರಿಯುತ್ತಿದ್ದರೂ ನೆನೆಯದೆ ಸುತ್ತಬಹುದು. ಹಿಂದಿನ ಕಾಲದ ಪುರಾಡಳಿತಗಾರರಾದ ಕಾನ್ಸಲರ ಮನೆ ಎಂಬ ಕಟ್ಟಡದಲ್ಲಿ ಹೊರಚಾಚಿದ ತೊಲೆಗಳ ತುದಿಗಳಲ್ಲಿ ಮನುಷ್ಯರು, ಪ್ರಾಣಿಗಳು, ವಿಕಾರ ಮುಖಗಳನ್ನು ಕೆತ್ತಿದ್ದಾರೆ, ನಮ್ಮ ಮಕ್ಕಳು ಕತ್ತು ನೋಯುವವರೆಗೆ ತಲೆಯೆತ್ತಿ ಒಂದೊಂದಕ್ಕೂ ಹೆಸರಿಟ್ಟರು. 1298ರಲ್ಲಿ ಅಡಿಗಲ್ಲು ಹಾಕಿದ ಸೇಂ-ಮೊರೀಸ್ ಇಗರ್ಜಿಯೊಳಗೆ ನಡುವೆ ಒಂದೂ ಕಂಬವಿಲ್ಲದ ವಿಶಾಲ ಸಭಾಂಗಣವಿದೆ. ಇಷ್ಟಾದರೂ ದೊಡ್ಡ ಸಂತೆ ಸೋಮವಾರ ಎಂಬುದೇ ತೊಡಕು: ಶಾಲೆಗೆ ರಜೆ ಇರಬೇಕು, ದೊಡ್ಡವರೂ ಕೆಲಸಕ್ಕೆ ರಜೆ ಹಾಕಬೇಕು. ಇಷ್ಟೆಲ್ಲ ಹೊಂದಿಸಿಕೊಂಡು ಹೋಗುವಷ್ಟು ಸಂತೆ ಅದೇನಲ್ಲ, ಊರು ಮಾತ್ರ ಹೌದು.

ಊಟದ ವಿಷಯಕ್ಕೆ ಬಂದರೆ ಮೂರೂ ಕಡೆ ಸಸ್ಯಾಹಾರಿಗಳ ಪಾಡು ಒಂದೇ. ಈ ಸೀಮೆಯ ಅಡುಗೆ ನಿಂತಿರುವುದೇ ಬಾತುಕೋಳಿಯ ಕೊಬ್ಬಿನ ಮೇಲೆ. ಸಂತೆಯಲ್ಲಿ ಹೊಂಬಣ್ಣಕ್ಕೆ ಬೆಂದು ಕಣ್ಸೆಳೆಯುವ ಆಲೂಗಡ್ಡೆ, ಸರಳಿನಲ್ಲಿ ತಿರುಗುವ ಕೋಳಿಗಳಿಂದ ತೊಟ್ಟಿಕ್ಕುವ ಜಿಡ್ಡಿನಲ್ಲೇ ಬೆಂದಿರುತ್ತದೆ ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹಳಷ್ಟಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಸೇಬಿನ ಕ್ರುಸ್ತಾದ್ ಎಂಬ ಗರಿಗರಿ ಪದರದ ಸಿಹಿಗೆ ಆರ್ಮನ್ಯಾಕ್ ಮದ್ಯ ಬೆರೆಸುವುದುಂಟು. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಾವು ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಸಂತೆಯಲ್ಲಿ ರೊಟ್ಟಿ, ಟೊಮೇಟೊ, ಹಣ್ಣು ಕೊಂಡು ಊಟ ಮುಗಿಸುತ್ತೇವೆ, ಮತ್ತು ಈ ಲೆಕ್ಕದಲ್ಲೂ ಬುತ್ತಿ ಬಿಚ್ಚಲು ಕೆರೆದಂಡೆಯಿರುವ ರೆವೆಲ್ ಮುಂದಾಗುತ್ತದೆ.

ಕಾರಿಲ್ಲದವರಿಗೆ ಆಯ್ಕೆ ಇನ್ನೂ ಕಿರಿದು. ರೈಲಿನಲ್ಲಿ ಹೋದರೆ ಸೇಂ-ಆಂತೊನಾಂಗೆ ಕೊಸಾದ್ ನಿಲ್ದಾಣದಲ್ಲಿ ಇಳಿಯಬಹುದು, ಮಿರ್‌ಪ್ವಾಗೆ ಪಾಮಿಯೆಯಲ್ಲಿ. ಎರಡೂ ಊರಿನಿಂದ ಸುಮಾರು 20 ಕಿಲೋಮೀಟರ್ ದೂರ. ರೆವೆಲ್‌ಗೂ ರೈಲಿಲ್ಲ, ಆದರೆ ಟೂಲೂಸಿನಿಂದ ನೇರ ಬಸ್ಸಿದೆ. ವಾಪಸು ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ನಿಲ್ದಾಣದಲ್ಲಿ ನೋಡಿಕೊಂಡು, ಕೆರೆಗೆ ಹೋಗುವಂತಿದ್ದರೆ ಕರಬೂಜವನ್ನು ಒಂದಕ್ಕಿಂತ ಹೆಚ್ಚು ಕೊಳ್ಳದಿರುವುದು ಮೇಲು, ಏಕೆಂದರೆ ಆ ಮೂರು ಕಿಲೋಮೀಟರ್ ಏರುದಾರಿ.