ಆಡಿಸುವವರು ಕಣ್ಣೆದುರೇ ಇದ್ದರೂ ಗೊಂಬೆಗೆ ಜೀವ: ‘ಬ್ಲೂಯೀಸ್ ಬಿಗ್ ಪ್ಲೇ’

ಟೀವಿಯ ಮಕ್ಕಳ ಪಾತ್ರವನ್ನು ವೇದಿಕೆಗೆ ತರಲು ಒಂದು ಸುಲಭದ ದಾರಿ ಇದೆ. ದೊಡ್ಡ ತಲೆಯ ವೇಷದೊಳಗೆ ಒಬ್ಬರನ್ನು ತೂರಿಸುವುದು, ಮಕ್ಕಳಿಗೆ ಬಾಯಿಪಾಠವಾಗಿರುವ ಹಾಡು ಹಾಕುವುದು, ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸುವುದು. ಆಸ್ಟ್ರೇಲಿಯಾದ ನೀಲಿ ನಾಯಿಮರಿ ಬ್ಲೂಯಿಯ ರಂಗಪ್ರದರ್ಶನ ಆ ದಾರಿಯಲ್ಲಿ ಹೋಗದೆ ನಿಜವಾದ ಗೊಂಬೆನಾಟಕವಾಗಿ ನಿಂತಿದೆ. 2020ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಪರ್ಫಾರ್ಮಿಂಗ್ ಆರ್ಟ್ಸ್ ಸೆಂಟರ್‌ನಲ್ಲಿ ಶುರುವಾದ ಇದು 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ತಲುಪಿತು, ಮುಂದಿನ ವರ್ಷ ಲಂಡನ್‌ಗೂ ಹೋಯಿತು. ಕಟ್ಟಿದ್ದು ಅಡಿಲೇಡ್‌ನ ವಿಂಡ್‌ಮಿಲ್ ಥಿಯೇಟರ್ ಕಂಪನಿ, ನಿರ್ದೇಶನ ರೋಸ್‌ಮೇರಿ ಮೈಯರ್ಸ್ ಅವರದು. ಮೂರು ವರ್ಷ ದಾಟಿದ ಮಗುವಿಗೆ ಮೊದಲ ನಾಟಕ ಯಾವುದು ತೋರಿಸಲಿ ಎಂದು ಯಾರಾದರೂ ಕೇಳಿದರೆ ಹಿಂದುಮುಂದು ನೋಡದೆ ಇದರ ಹೆಸರು ಹೇಳಬಹುದು. ಆದರೆ ಎಲ್ಲಿ ಕೂರುತ್ತೀರಿ ಎಂಬುದರ ಮೇಲೆ ಅರ್ಧ ಸುಖ ನಿಂತಿದೆ.

ಕಥೆ ಒಂದು ಹಿಡಿಯಷ್ಟು. ಭಾನುವಾರ ಮಧ್ಯಾಹ್ನ. ಅಪ್ಪ ಬ್ಯಾಂಡಿಟ್‌ಗೆ ಬೀನ್ ಬ್ಯಾಗ್ ಮೇಲೆ ಬಿದ್ದುಕೊಂಡು ಒಂದಿಷ್ಟು ಸುಮ್ಮನಿರಬೇಕು. ಬ್ಲೂಯಿಗೂ ತಂಗಿ ಬಿಂಗೊಗೂ ಅಪ್ಪನನ್ನು ಅಲ್ಲಿಂದ ಎಬ್ಬಿಸಿ ಆಟಕ್ಕೆ ಎಳೆಯಬೇಕು. ಅಷ್ಟೇ. (ಬ್ಲೂಯಿ ಹುಡುಗಿ. ನೀಲಿ ಬಣ್ಣ ನೋಡಿ ಹುಡುಗ ಎಂದುಕೊಳ್ಳುವ ದೊಡ್ಡವರು ಬಹಳ. ಮಕ್ಕಳ ಮುಂದೆ ಆ ತಪ್ಪು ಮಾಡಬೇಡಿ.) ಇಷ್ಟು ಚಿಕ್ಕ ಎಳೆಯನ್ನು ಸುಮಾರು 50 ನಿಮಿಷ ಹಿಗ್ಗಿಸಿದ್ದಾರೆ, ಮಧ್ಯಂತರ ಇಲ್ಲ. ಟೀವಿಯ ಒಂದು ಕಂತು 7 ನಿಮಿಷದ್ದು. ಅಲ್ಲಿ ಒಂದು ಮಾತೂ ಹೆಚ್ಚಿಲ್ಲ ಎನ್ನುವಂಥ ಬಿಗಿ ಇರುತ್ತದೆ. ಅದೇ ಬಿಗಿಯನ್ನು ಏಳುಪಟ್ಟು ಹೊತ್ತು ಹಿಡಿದಿಡುವುದು ಕಷ್ಟ, ನಡುಭಾಗ ಕೊಂಚ ಸಡಿಲವಾಗುತ್ತದೆ. ಮೂರು ವರ್ಷದ ಮಗು ಕುರ್ಚಿಯಲ್ಲಿ ಹೊರಳಾಡಲು ಶುರುಮಾಡುವುದೂ ಅಲ್ಲೇ.

ಗೊಂಬೆಗಳ ವಿಷಯ ನಿಧಾನವಾಗಿ ಹೇಳಬೇಕು. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವರು ಪರದೆಯ ಹಿಂದೆ ಇರುತ್ತಾರೆ, ನೋಡುವವರಿಗೆ ಗೊಂಬೆಯಷ್ಟೇ ಕಾಣುತ್ತದೆ. ಇಲ್ಲಿ ಆಡಿಸುವವರು ಗೊಂಬೆಯ ಬೆನ್ನ ಹಿಂದೆಯೇ, ಬೆಳಕಿನಲ್ಲೇ, ಮುಖ ಮುಚ್ಚಿಕೊಳ್ಳದೆ ನಿಂತಿರುತ್ತಾರೆ. ‘ಆ ಅಂಕಲ್ ಯಾರು?’ ಎಂದು ಮಗು ಕೇಳುವುದು ಖಂಡಿತ. ಒಳಗೆ ಹೋಗುವ ಮೊದಲೇ ಒಂದು ಮಾತು ಹೇಳಿಟ್ಟರೆ ಆ ಪ್ರಶ್ನೆ ಬೇಗ ಕರಗುತ್ತದೆ. ಹೇಳದಿದ್ದರೂ ಸ್ವಲ್ಪ ಹೊತ್ತಿಗೆ ಮಗುವಿನ ಕಣ್ಣು ಮನುಷ್ಯರನ್ನು ಬಿಟ್ಟು ಗೊಂಬೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಕಾರಣ ಆಡಿಸುವವರ ನೋಟ. ಅವರು ಪ್ರೇಕ್ಷಕರ ಕಡೆ ನೋಡುವುದಿಲ್ಲ, ತಮ್ಮ ಕೈಯಲ್ಲಿರುವ ಗೊಂಬೆಯನ್ನೇ ನೋಡುತ್ತಾರೆ. ಅವರ ಕಣ್ಣು ಹೋದ ಕಡೆ ನಮ್ಮ ಕಣ್ಣೂ ಹೋಗುತ್ತದೆ.

ನೋಟದ ಜೊತೆಗೆ ಉಸಿರು ಮತ್ತು ತೂಕ ಸೇರಿದರೆ ಗೊಂಬೆಗೆ ಜೀವ ಬರುತ್ತದೆ. ಬ್ಯಾಂಡಿಟ್ ಬೀನ್ ಬ್ಯಾಗ್ ಮೇಲೆ ಕೂರುವುದನ್ನು ಗಮನಿಸಿ. ಗೊಂಬೆಗೆ ತನ್ನದೇ ಆದ ಭಾರ ಇಲ್ಲ, ಸುಮ್ಮನೆ ಕೆಳಗಿಳಿಸಿದರೆ ಚೀಲ ಇಟ್ಟ ಹಾಗೆ ಕಾಣುತ್ತದೆ. ಮೊದಲು ಸೊಂಟ ಇಳಿಯಬೇಕು, ಆಮೇಲೆ ಭುಜ, ಕೊನೆಗೆ ತಲೆ, ಅದರ ಬೆನ್ನಿಗೆ ಒಂದು ನಿಟ್ಟುಸಿರು. ಈ ಸರದಿ ಕೂಡಿಬಂದರೆ ವಾರವಿಡೀ ದುಡಿದ ಅಪ್ಪ ಕುಸಿದು ಕೂತಂತೆ ಅನಿಸುತ್ತದೆ. ಬ್ಲೂಯಿ ಕುಟುಂಬದ ಮೈ ಚಿತ್ರದಲ್ಲೇ ಚೌಕ ಡಬ್ಬಿಯ ಆಕಾರದ್ದು, ಕೈಕಾಲು ಗಿಡ್ಡ. ವೇಷ ತೊಟ್ಟ ಮನುಷ್ಯನಿಗೆ ಆ ಅಳತೆ ಒಗ್ಗುವುದಿಲ್ಲ, ಮಂಡಿ ಎಲ್ಲಿ ಮಡಚಬೇಕೋ ಅಲ್ಲಿ ಮಡಚದು. ಗೊಂಬೆಗೆ ಆ ತೊಂದರೆಯಿಲ್ಲ. ಈ ಒಂದು ಆಯ್ಕೆಯೇ ಪ್ರದರ್ಶನವನ್ನು ಗೆಲ್ಲಿಸಿದೆ.

ಧ್ವನಿ ಪೂರ್ತಿ ಮೊದಲೇ ಮುದ್ರಿಸಿದ್ದು. ಬ್ಯಾಂಡಿಟ್‌ಗೆ ಡೇವ್ ಮೆಕ್‌ಕಾರ್ಮ್ಯಾಕ್, ಅಮ್ಮ ಚಿಲ್ಲಿಗೆ ಮೆಲಾನಿ ಝನೆಟ್ಟಿ, ಅಂದರೆ ಟೀವಿಯಲ್ಲಿ ಕೇಳಿದ ಅದೇ ದನಿಗಳು. ಬ್ಲೂಯಿ, ಬಿಂಗೊ ದನಿ ಕೊಡುವುದು ನಿಜವಾದ ಮಕ್ಕಳು, ಅವರ ಹೆಸರನ್ನು ಬಹಿರಂಗಪಡಿಸಿಲ್ಲ. ಬೇರೆ ಯಾರೇ ಅನುಕರಿಸಿದರೂ ಎಳೆಯರ ಕಿವಿ ತಕ್ಷಣ ಹಿಡಿಯುತ್ತದೆ, ಹಾಗಾಗಿ ಮುದ್ರಿತ ದನಿಯೇ ಸರಿ. ಇದರ ದಂಡವೂ ಇದೆ. ಪ್ರೇಕ್ಷಕರು ಜೋರಾಗಿ ನಕ್ಕರೆ ಮುದ್ರಿತ ಮಾತು ಕಾಯುವುದಿಲ್ಲ, ಮುಂದಿನ ಸಾಲು ನಗುವಿನಲ್ಲಿ ಮುಳುಗಿಹೋಗುತ್ತದೆ. ಸಂಗೀತ ಸರಣಿಯ ಸಂಗೀತಗಾರ ಜೋಫ್ ಬುಷ್ ಅವರದೇ. ಸದ್ದಿಗೆ ಬೆಚ್ಚುವ ಮಗುವಾದರೆ ಕಿವಿಗೆ ಹಾಕುವ ರಕ್ಷಕ ಜೊತೆಗಿರಲಿ.

ಇನ್ನು ಸೃಷ್ಟಿಕರ್ತ ಜೋ ಬ್ರಮ್. ಲಂಡನ್‌ನಲ್ಲಿ ‘ಚಾರ್ಲಿ ಅಂಡ್ ಲೋಲಾ’ ಸರಣಿಗೆ ಆ್ಯನಿಮೇಟರ್ ಆಗಿ ದುಡಿದು ಬ್ರಿಸ್ಬೇನ್‌ಗೆ ಮರಳಿದವರು, ಇಬ್ಬರು ಹೆಣ್ಣುಮಕ್ಕಳ ತಂದೆ. ಅಲ್ಲಿನ ಲೂಡೊ ಸ್ಟುಡಿಯೋದಲ್ಲಿ ತಯಾರಾದ ‘ಬ್ಲೂಯಿ’ 2018ರ ಅಕ್ಟೋಬರ್ 1ರಂದು ಎಬಿಸಿ ಕಿಡ್ಸ್ ವಾಹಿನಿಯಲ್ಲಿ ಬಂತು. ಪಾತ್ರದ ಹಕ್ಕು ಮಾರಿ, ಕಥೆಯನ್ನು ಬೇರೆಯವರಿಂದ ಬರೆಸಿ ದೂರ ನಿಲ್ಲುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಬ್ರಮ್ ಈ ನಾಟಕಕ್ಕೆ ಹೊಸ ಕಥೆಯನ್ನೇ ಬರೆದುಕೊಟ್ಟರು. ಹಳೆಯ ಕಂತುಗಳನ್ನು ಹೊಲಿದು ಜೋಡಿಸಿದ ಗುರುತು ಇಲ್ಲಿಲ್ಲ. ಅವರು ವೇದಿಕೆಗೆ ಬರುವುದಿಲ್ಲ, ಆದರೆ ಅವರ ಕೈ ಎಲ್ಲೆಲ್ಲೂ ಕಾಣುತ್ತದೆ. ಆಟಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಸಿಗುವಂಥದ್ದು, ದೊಡ್ಡವರೂ ನಗುವ ಸಾಲುಗಳಿವೆ, ಮಕ್ಕಳಿಗೆ ಪಾಠ ಹೇಳುವ ಧಾಟಿ ಇಲ್ಲ. ಬ್ರಿಸ್ಬೇನ್ ಕೂಡ ಹಾಗೇ ಉಳಿದಿದೆ. ವೇದಿಕೆಯಲ್ಲಿ ಉದ್ದ ಕೊಕ್ಕಿನ ಕೆಂಬರಲು ಹಕ್ಕಿಗಳು ಓಡಾಡುತ್ತವೆ. ಆಸ್ಟ್ರೇಲಿಯಾದ ನಗರಗಳಲ್ಲಿ ಕಸದ ಡಬ್ಬಿ ಕೆದಕುವ ಇವಕ್ಕೆ ಅಲ್ಲಿಯ ಜನ ‘ಬಿನ್ ಚಿಕನ್’ ಎನ್ನುತ್ತಾರೆ. ಬೇರೆ ದೇಶಕ್ಕೆ ಹೋದಾಗಲೂ ಆ ಹಕ್ಕಿಗಳನ್ನು ಪಾರಿವಾಳ ಮಾಡಲಿಲ್ಲ ಎನ್ನುವುದು ಸಂತೋಷದ ಸಂಗತಿ.

ದೊಡ್ಡ ಕೊರತೆ ಸಭಾಂಗಣಗಳದ್ದು. ನ್ಯೂಯಾರ್ಕ್‌ನಲ್ಲಿ ಪ್ರದರ್ಶನ ನಡೆದ, ಆಗ ಹುಲು ಥಿಯೇಟರ್ ಎನ್ನುತ್ತಿದ್ದ ಸಭಾಂಗಣದಲ್ಲಿ ಸುಮಾರು 5,600 ಆಸನಗಳಿವೆ. ಗೊಂಬೆ ಬದುಕುವುದೇ ತಲೆ ಒಂಚೂರು ವಾಲಿಸುವುದರಲ್ಲಿ, ಕಿವಿ ಕುಣಿಸುವುದರಲ್ಲಿ. ಅಷ್ಟು ದೊಡ್ಡ ಜಾಗದ ಹಿಂದಿನ ಸಾಲಿಗೆ ಅದು ತಲುಪುವುದಿಲ್ಲ. ಒಂದೇ ಊರಿನಲ್ಲಿ ಎರಡು ಕಡೆ ಇದ್ದರೆ ಚಿಕ್ಕ ಸಭಾಂಗಣವನ್ನೇ ಆರಿಸಿ. ತೀರಾ ಮುಂದಿನ ಎರಡು ಸಾಲೂ ಬೇಡ, ವೇದಿಕೆಯ ಅಂಚು ಎತ್ತರವಿದ್ದರೆ ಗಿಡ್ಡ ಮಗುವಿಗೆ ಗೊಂಬೆಯ ಕಾಲು ಕಾಣದು. ಎಂಟರಿಂದ ಹದಿನೈದನೇ ಸಾಲು, ಓಡಾಡುವ ದಾರಿಯ ಪಕ್ಕದ ಕುರ್ಚಿ ಒಳ್ಳೆಯದು. ಮಧ್ಯಂತರ ಇಲ್ಲದ್ದರಿಂದ ಶೌಚಾಲಯಕ್ಕೆ ಏಳುವುದು ಇದ್ದೇ ಇದೆ. ಕುರ್ಚಿ ಎತ್ತರಿಸುವ ದಿಂಬು ಸಿಗುತ್ತದೆಯೇ ಎಂದು ಟಿಕೆಟ್ ತೆಗೆಯುವಾಗಲೇ ಕೇಳಿ. ಕೆಲವು ಕಡೆ ಇರುತ್ತದೆ, ಕೆಲವು ಕಡೆ ಮಡಚಿದ ಕೋಟೇ ಗತಿ.

ಹೋಗುವ ಮುನ್ನ ಎರಡು ಕಂತು ತೋರಿಸಿದರೆ ಸಾಕು: ‘ಮ್ಯಾಜಿಕ್ ಝೈಲೋಫೋನ್’ ಮತ್ತು ‘ಕೀಪಿ ಅಪ್ಪಿ’. ಎರಡೂ ಸೇರಿ ಕಾಲು ಗಂಟೆ. ಎರಡನೆಯದರಲ್ಲಿ ಬಲೂನು ನೆಲ ಮುಟ್ಟದ ಹಾಗೆ ತಟ್ಟುತ್ತಾ ಇರಬೇಕು. ನಾಟಕದ ಕೊನೆಗೆ ಅದೇ ಆಟ ಪ್ರೇಕ್ಷಕರ ನಡುವೆ ಇಳಿಯುತ್ತದೆ, ದೊಡ್ಡ ದೊಡ್ಡ ಬಲೂನುಗಳು ತಲೆಯ ಮೇಲೆ ತೇಲಿಬರುತ್ತವೆ. ಇಲ್ಲಿ ಕೆಡಿಸುವವರು ದೊಡ್ಡವರೇ. ಫೋಟೋಗೆಂದು ಬಲೂನನ್ನು ತಬ್ಬಿ ಹಿಡಿದರೆ ಆ ಸಾಲಿನಲ್ಲೇ ಆಟ ನಿಂತುಹೋಗುತ್ತದೆ. ಅಂಗೈ ಬಿಚ್ಚಿ ಕೆಳಗಿನಿಂದ ಮೆಲ್ಲಗೆ ತಳ್ಳಿ, ಹಿಂದಿನ ಸಾಲಿಗೆ ದಾಟಲಿ. ಬಾಲ್ಕನಿಗೆ ಬಲೂನು ಹತ್ತುವುದು ಕಷ್ಟ, ಮೇಲೆ ಕೂತ ಮಕ್ಕಳು ಅಳುವುದು ಇದಕ್ಕೇ. ಅಲ್ಲಿಯ ಟಿಕೆಟ್ಟೇ ಸಿಕ್ಕಿದ್ದರೆ ಚೀಲದಲ್ಲಿ ಒಂದು ಬಲೂನು ಇಟ್ಟುಕೊಂಡು ಹೋಗಿ, ಹೊರಗೆ ಬಂದ ಕೂಡಲೇ ಊದಿಕೊಡಿ. ಊದುವುದು ದೊಡ್ಡವರೇ ಆಗಿರಲಿ, ಒಡೆದರೆ ಚೂರುಗಳನ್ನು ತಕ್ಷಣ ಆರಿಸಿಕೊಳ್ಳಿ. ಚಿಕ್ಕ ಮಕ್ಕಳ ಗಂಟಲಿಗೆ ಅದು ಸಿಕ್ಕಿಕೊಳ್ಳುವ ವಸ್ತು.