ನಿಯಾನ್ ಬೋರ್ಡು ಮತ್ತು ಬಂಗ್ಡೆಯ ಒತ್ತು

ಕಾರವಾರದ ಕೋಡಿಬಾಗದಲ್ಲಿ ಹೆದ್ದಾರಿ 66ರ ಬದಿಗೆ ನಮ್ಮದೊಂದು ಸಣ್ಣ ಮೀನೂಟದ ಹೋಟೆಲ್. ಗೋವಾ ಕಡೆಯಿಂದ ಬರುವ ಲಾರಿಗಳು ರಾತ್ರಿ ಕಾಳಿ ಸೇತುವೆ ಇಳಿದು ಭರ್ರನೆ ಹೋಗಿಬಿಡುತ್ತಿದ್ದವು. ಹೋದ ವರ್ಷ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಒಬ್ಬರ ಹತ್ತಿರ ‘ಬಂಗ್ಡೆ ಊಟ’ ಅಂತ ಕಿತ್ತಳೆ ಬಣ್ಣದ ನಿಯಾನ್ ಬೋರ್ಡು ಮಾಡಿಸಿದೆ. ಮೂರಡಿ ಅಗಲ, ಒಂದೂವರೆ ಅಡಿ ಎತ್ತರ, 7,800 ರೂಪಾಯಿ. ಬಸ್ ಪಾರ್ಸೆಲ್ ಖರ್ಚು ಬೇರೆ.

ನಿಯಾನ್ ಅನ್ನೋದು ಹೆಸರಿಗಷ್ಟೇ. ಗಾಜಿನ ಕೊಳವೆಗೆ ಅನಿಲ ತುಂಬಿ ಸಾವಿರಾರು ವೋಲ್ಟ್ ಕೊಡುವ ಅಸಲಿ ಮಾಲಲ್ಲ ಇದು. ಸಿಲಿಕೋನ್ ಹಗ್ಗದೊಳಗೆ ಸಾಲಾಗಿ ಎಲ್‌ಇಡಿ, 12 ವೋಲ್ಟ್ ಅಡಾಪ್ಟರ್. ಮಕ್ಕಳು ಕೈಯಾಡಿಸುವ ಜಗಲಿಗೆ ಇದೇ ಸರಿ. ಕರೆಂಟೂ ಕಮ್ಮಿ: 45 ವ್ಯಾಟ್, ದಿನಾ ಐದು ತಾಸು ಹಚ್ಚಿದರೆ ತಿಂಗಳಿಗೆ ಏಳು ಯೂನಿಟ್ ಒಳಗೇ.

ತಕರಾರು ಬಂದಿದ್ದು ಒತ್ತಕ್ಷರಕ್ಕೆ. “ಅಕ್ಕಾರ, ಒತ್ತು ಸಣ್ಣದಾಗ್ತದ, ಹಗ್ಗ ಅಷ್ಟು ಬಾಗಂಗಿಲ್ಲ. ‘ಬಂಗಡೆ’ ಅಂತ ಮಾಡೂಣೇನ್ರಿ?” ಅಂದ್ರು ಬೋರ್ಡು ಮಾಡುವವರು. ಕಾರವಾರದಲ್ಲಿ ಕೂತು ಬಂಗಡೆ ಅಂತ ಬರೆಸಲೇ? ಒಪ್ಪಲಿಲ್ಲ. ಈ ಹಗ್ಗವನ್ನು ಗುರುತು ಹಾಕಿದಲ್ಲೇ ಕತ್ತರಿಸಬೇಕಂತೆ, ಇಲ್ಲದಿದ್ದರೆ ಆ ತುಂಡಿನ ಮೂರು ಎಲ್‌ಇಡಿ ಉರಿಯೋದಿಲ್ಲ. ಹಾಗಾಗಿ ‘ಡ’ ಒತ್ತು ಒಂದು ಬಿಡಿ ತುಂಡು; ಹಿಂದಿನಿಂದ ಕೂದಲೆಳೆಯಂಥ ತಂತಿಗೆ ಬೆಸುಗೆ.

ಜೂನ್ ಮಳೆ ಹಿಡಿದು ಹತ್ತು ದಿನಕ್ಕೆ ಆ ಒತ್ತು ಆರಿತು. ಉಳಿದಿದ್ದು ‘ಬಂಗೆ ಊಟ’. ಮೊದಲ ರಾತ್ರಿಯೇ ಲಾರಿಯ ಕ್ಲೀನರ್ ಹುಡುಗ ಬಂದು, “ಅಕ್ಕಾ, ಭಂಗಿ ಸೊಪ್ಪು ನಿಜಕ್ಕೂ ಸಿಗ್ತದಾ?” ಅಂತ ಪಿಸುಗುಟ್ಟಿದ! ಮಳೆಗಾಲದ ನಿಷೇಧಕ್ಕೆ ಯಾಂತ್ರಿಕ ಮೀನುದೋಣಿಗಳು ಬಂದ್ ಇರುವ ಕಾಲ, ಬಂಗ್ಡೆಯೂ ಇರಲಿಲ್ಲ ಅನ್ನಿ.

ಬಿಚ್ಚಿ ನೋಡಿದರೆ ಬೆಸುಗೆಯ ಮೇಲೆ ಹಸಿರು ಕಿಲುಬು, ಉಪ್ಪುಗಾಳಿಯ ಕೆಲಸ. ಸ್ಕ್ರೂಗಳೂ ತುಕ್ಕು ಹಿಡಿದು ಗೋಡೆಯ ಮೇಲೆ ಕಂದು ಗೆರೆ ಇಳಿದಿತ್ತು. ಆಮೇಲೆ ಅಡಾಪ್ಟರೂ ಹೋಯಿತು. ಸೂರಿನಡಿ ಕಟ್ಟಿದ್ದು, ಇರಚಲು ಹೊಡೆದಿತ್ತು. ಒಂದು ವರ್ಷದ ಗ್ಯಾರಂಟಿ ಕೊಟ್ಟವರು ನೀರು ಬಿದ್ದಿದ್ದಕ್ಕೆ ಅನ್ವಯಿಸಲ್ಲ ಅಂದ್ರು. ನಾಲ್ಕು ಸಲ ಫೋನ್ ಮಾಡಿದ ಮೇಲೆ ಒತ್ತಿನ ತುಂಡು ಪುಕ್ಕಟೆ ಕಳಿಸಿದರು, ಅದಕ್ಕೆ ರೇಟಿಂಗಿನಲ್ಲಿ ಒಂದು ನಕ್ಷತ್ರ ಜಾಸ್ತಿ ಕೊಡ್ತೇನೆ.

ಊರಿನ ಎಲೆಕ್ಟ್ರಿಷಿಯನ್ 350 ರೂಪಾಯಿಗೆ ಬೆಸೆದು ಸಿಲಿಕೋನ್ ಮೆತ್ತಿದ. ನೀರು ತಡೆಯುವ, ಐಪಿ67 ಅಂತ ಬರೆದ ಅಡಾಪ್ಟರಿಗೆ 950. ಸ್ಟೀಲ್ ಸ್ಕ್ರೂ ಹಾಕಿಸಿದ್ದೂ ಸೇರಿ ನನ್ನ ಬೋರ್ಡು ಒಂಬತ್ತು ಸಾವಿರ ದಾಟಿತು. ಕರಾವಳಿಯವರು ಆರ್ಡರ್ ಕೊಡುವಾಗಲೇ ಉಪ್ಪುಗಾಳಿಗೆ ಸುಲಭಕ್ಕೆ ತುಕ್ಕು ಹಿಡಿಯದ 316 ಗ್ರೇಡಿನ ಸ್ಟೀಲ್ ಸ್ಕ್ರೂ ಕೇಳಿ, ಅಡಾಪ್ಟರ್ ಒಳಕೋಣೆಯಲ್ಲಿಡಿ. ಒತ್ತು ಇದ್ದರೆ ಬೋರ್ಡಿನ ಎತ್ತರ ಅರ್ಧ ಅಡಿ ಹೆಚ್ಚು ಹೇಳಿ, ಒತ್ತು ದೊಡ್ಡದಾಗಿ ಬರಲಿ. ಇಂಗ್ಲಿಷಲ್ಲಿ ಬರೆಸಿದರೆ ಸಲೀಸು ಅಂತ ಪಕ್ಕದ ಅಂಗಡಿಯವರು ಅಂದ್ರು. ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು, ಅದು ಅವರಿಗೆ ನೆನಪಿದ್ದಂತಿಲ್ಲ.

ಈಗ ಒತ್ತು ಗಟ್ಟಿಯಾಗಿ ಉರಿಯುತ್ತಿದೆ. ‘ಊ’ದ ಬಾಲ ಮಾತ್ರ ನಿನ್ನೆಯಿಂದ ಮಿಣಕ್ ಮಿಣಕ್ ಅಂತಿದೆ.